ಅವರ ಮನ್ಯಾಗ ಒಲಿ ಹಚ್ಚತಾರೇನು?

ಮೇ ತಿಂಗಳಲ್ಲಿ ಬಿಸಿಲು ಇಳಿಯುವ ತನಕ ಕಲಬುರಗಿಯಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಆದರೂ ಮೊನ್ನೆ ಭಾನುವಾರ ಹದಿಹರೆಯದವರ ಕಾದಂಬರಿಗಳ ಬಗ್ಗೆ ನಾನು ಮಾತಾಡಿದ ಸಭೆಯಲ್ಲಿ ಸಂಜೆ ಐದೂವರೆಗೇ ಕುರ್ಚಿಗಳು ತುಂಬಿದ್ದವು. ಹಿಂದಿನ ಎರಡು ಸಾಲಿನಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳೇ ಕೂತಿದ್ದರು. ಅಂದು ನಾನು ಆಡಿದ ಮಾತನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು, ಅದಕ್ಕೇ ಈ ಬರಹ. ಅಲ್ಲಿ ಹೇಳುವಾಗ ಬಿಟ್ಟುಹೋದ ಒಂದೆರಡು ಸಂಗತಿಯನ್ನು ಇಲ್ಲಿ ಸೇರಿಸಿದ್ದೇನೆ. ಮಕ್ಕಳು ನಡುವೆ ಎದ್ದು ನಿಂತು ಹೇಳಿದ್ದನ್ನೂ ಹಾಗೇ ಇಟ್ಟಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹೋದ ವರ್ಷದಿಂದ ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳನ್ನೇ ಹುಡುಕಿಕೊಂಡು ಓದುತ್ತಿದ್ದೇನೆ. ಯಂಗ್ ಅಡಲ್ಟ್ ಅಂತ ಅಂಗಡಿಗಳಲ್ಲಿ ಬೋರ್ಡು ಹಾಕಿ ಇಟ್ಟಿರುತ್ತಾರಲ್ಲ, ಅವು. ಶುರುವಾಗಿದ್ದು ನನ್ನ ಅಣ್ಣನ ಮಗಳಿಂದ. ಅವಳು ರಾತ್ರಿ ಹನ್ನೆರಡರ ತನಕ ಓದುತ್ತಾ ಕೂತಿರುವುದನ್ನು ನೋಡಿ ಅದರಲ್ಲಿ ಏನಿದೆ ಅಂತ ಕೇಳಿದೆ. 'ಓದಿ ನೋಡು ಅತ್ತಿ, ನಾ ಹೇಳಿದ್ರ ತಿಳಿಯಂಗಿಲ್ಲ' ಅಂದಳು. ಓದಿದೆ. ಒಂದು ಓದಿದ ಮೇಲೆ ಇನ್ನೊಂದು. ಕೆಲವನ್ನು ಕ್ಲಾಸಿನಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಹೇಳಿದೆ, ದಿನಕ್ಕೆ ಇಷ್ಟಿಷ್ಟು, ಕೊನೆಯ ಪೀರಿಯಡ್ಡಿನಲ್ಲಿ.

ಒಂದು ಪುಸ್ತಕ ಚೆನ್ನಾಗಿದೆಯಾ ಇಲ್ಲವಾ ಅಂತ ಹೇಳಲು ಪ್ರತಿಯೊಬ್ಬರ ಹತ್ತಿರ ಒಂದು ಅಳತೆ ಇರುತ್ತದೆ. ನನ್ನ ಅಳತೆ ನನ್ನ ಅಜ್ಜಿಯದು. ಅವಳದು ಸೇಡಂ ಕಡೆಯ ಹಳ್ಳಿ, ಅಕ್ಷರ ಕಲಿತವಳಲ್ಲ. ರಜೆಗೆ ಹೋದಾಗ ನಾನು ಓದಿದ ಕಥೆ, ನೋಡಿದ ಸಿನಿಮಾ ಎಲ್ಲ ಅವಳಿಗೆ ಹೇಳಬೇಕಿತ್ತು. ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದಳು. ಹೀರೋ ಹೀರೋಯಿನ್ ಊರೂರು ತಿರುಗುವ ಜಾಗಕ್ಕೆ ಬಂದ ಕೂಡಲೇ ಕೈ ನಿಲ್ಲಿಸುತ್ತಿದ್ದಳು. 'ಅದೆಲ್ಲಾ ಇರಲಿ, ಅವರ ಮನ್ಯಾಗ ಒಲಿ ಹಚ್ಚತಾರೇನು? ಯಾರು ಹಚ್ಚತಾರ?' ನನ್ನ ಹತ್ತಿರ ಉತ್ತರ ಇರದಿದ್ದರೆ ಆ ಕಥೆ ಅಲ್ಲಿಗೆ ಮುಗಿಯಿತು. ಅವಳು ಮತ್ತೆ ಜೋಳ ಕೇರಲು ಶುರು ಮಾಡುತ್ತಿದ್ದಳು.

ಕವಿರಾಜಮಾರ್ಗದಲ್ಲಿ ಒಂದು ಮಾತಿದೆ, ಕನ್ನಡ ನಾಡಿನ ಜನ 'ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್' ಅಂತ. ಕೂತು ಓದದೆಯೂ ಕಾವ್ಯ ಬಲ್ಲವರು ಅಂತ. ಒಂಬತ್ತನೆಯ ಶತಮಾನದಲ್ಲಿ ಆ ಪುಸ್ತಕ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ನಮ್ಮ ಮಳಖೇಡ, ಅದೇ ಸೇಡಂ ತಾಲ್ಲೂಕು. ನನಗೆ ಆ ಸಾಲು ಓದಿದಾಗಲೆಲ್ಲ ಮೊರ ಹಿಡಿದು ಕೂತ ಅಜ್ಜಿಯೇ ನೆನಪಾಗುತ್ತಾಳೆ.

ಒಲೆ ಅಂದರೆ ಬರೀ ಅಡುಗೆ ಅಲ್ಲ. ಆ ಮನೆಗೆ ಕಾಳು ಎಲ್ಲಿಂದ ಬರುತ್ತದೆ, ಯಾರು ದುಡಿಯುತ್ತಾರೆ, ಒಲೆ ಮುಂದೆ ಕೂತಾಗ ಯಾವ ಮಾತಲ್ಲಿ ಮಾತಾಡುತ್ತಾರೆ, ಇದೆಲ್ಲ ಆ ಪುಸ್ತಕಕ್ಕೆ ಗೊತ್ತಿದೆಯಾ ಅನ್ನುವುದು.

ಮೊದಲು ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್'. 2008ರ ಪುಸ್ತಕ. ನಾನು ಓದಿದ್ದು ಈಗ. ಮಕ್ಕಳನ್ನು ಅಖಾಡಕ್ಕೆ ಬಿಟ್ಟು ಒಬ್ಬರನ್ನೊಬ್ಬರು ಕೊಲ್ಲಿಸಿ ಟಿವಿಯಲ್ಲಿ ತೋರಿಸುವ ಕಥೆ ಅಂತ ಕೇಳಿ, ಇದನ್ನೆಲ್ಲ ಮಕ್ಕಳು ಯಾಕೆ ಓದಬೇಕು ಅಂತ ದೂರ ಇಟ್ಟಿದ್ದೆ. ಅದು ನನ್ನ ತಪ್ಪು. ಇದು ಮೊದಲಿಂದ ಕೊನೆವರೆಗೆ ಹಸಿವಿನ ಪುಸ್ತಕ, ಹೆಸರಲ್ಲೇ ಇದೆ. ಕ್ಯಾಟ್ನಿಸ್ ಅನ್ನುವ 16ರ ಹುಡುಗಿಯ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಸತ್ತಿದ್ದಾನೆ. ಅಮ್ಮ ಮಂಕಾಗಿ ಕೂತುಬಿಟ್ಟಿದ್ದಾಳೆ. ತಂಗಿಗೆ 12. ಹುಡುಗಿ ಬೇಲಿ ದಾಟಿ ಕಾಡಿಗೆ ಹೋಗಿ ಬೇಟೆಯಾಡಿ ಮನೆಯ ಒಲೆ ಹಚ್ಚುತ್ತಾಳೆ.

ಅದರಲ್ಲಿ ಒಂದು ಲೆಕ್ಕ ಬರುತ್ತದೆ. ಅಖಾಡಕ್ಕೆ ಯಾರು ಹೋಗಬೇಕು ಅಂತ ಲಾಟರಿ ಎತ್ತುತ್ತಾರೆ, 12 ವರ್ಷ ತುಂಬಿದ ಪ್ರತಿ ಮಗುವಿನ ಹೆಸರೂ ಆ ಚೀಟಿಯಲ್ಲಿ ಸೇರಬೇಕು, ವರ್ಷಕ್ಕೆ ಒಂದು ಚೀಟಿ. ಆದರೆ ಬಡವರ ಮಕ್ಕಳು ಇನ್ನೂ ಒಂದು ಚೀಟಿ ಜಾಸ್ತಿ ಹಾಕಿದರೆ ಮನೆಯ ಒಬ್ಬರಿಗೆ ಒಂದು ವರ್ಷಕ್ಕೆ ಒಂದಿಷ್ಟು ಕಾಳು, ಎಣ್ಣೆ ಸಿಗುತ್ತದೆ. ಹಾಕಿದ ಚೀಟಿ ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ನಾನು ಇದನ್ನು ಬೋರ್ಡಿನ ಮೇಲೆ ಬರೆದು, ಮನೆಯಲ್ಲಿ ಮೂರು ಜನ, ಮೂವರ ಕಾಳೂ ಬೇಕು, 16ಕ್ಕೆ ಎಷ್ಟು ಚೀಟಿ ಅಂತ ಕೇಳಿದೆ. ವರ್ಷಕ್ಕೆ 4, ಐದು ವರ್ಷಕ್ಕೆ 20. ಅವಳ ಗೆಳೆಯ ಗೇಲ್‌ನ ಮನೆಯಲ್ಲಿ ಐದು ಜನ, ಅವನಿಗೆ 18. ವರ್ಷಕ್ಕೆ 6, ಏಳು ವರ್ಷಕ್ಕೆ 42. ಗಣಿತದಲ್ಲಿ ಯಾವಾಗಲೂ ತಲೆ ತಗ್ಗಿಸಿ ಕೂರುವ ಹುಡುಗ ಎಲ್ಲರಿಗಿಂತ ಮೊದಲು 42 ಅಂದ. ಆಮೇಲೆ ತಾನೇ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, 'ಟೀಚರ್, ಮನ್ಯಾಗ ಮಂದಿ ಜಾಸ್ತಿ ಇದ್ದಷ್ಟು ಸಾಯೋದು ಜಾಸ್ತಿ ಅಂದಂಗಾಯ್ತು' ಅಂದ. ಅವರ ಮನೆಯಲ್ಲಿ ಏಳು ಜನ. ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತ ಮಕ್ಕಳಿಗೆ ಈ ಪುಸ್ತಕದ ಆಟ ಏನು ಅಂತ ವಿವರಿಸುವ ಕಷ್ಟವೇ ಬರಲಿಲ್ಲ.

ಆಮೇಲೆ ರೊಟ್ಟಿಯ ಪ್ರಸಂಗ. ಮಳೆಯಲ್ಲಿ ಹಸಿದು ಕೂತ ಪುಟ್ಟ ಕ್ಯಾಟ್ನಿಸ್‌ಳನ್ನು ನೋಡಿ ಬೇಕರಿ ಹುಡುಗ ಪೀಟಾ ಬೇಕಂತಲೇ ಬ್ರೆಡ್ಡು ಸುಡಿಸುತ್ತಾನೆ. ಸುಟ್ಟಿದ್ದಕ್ಕೆ ತಾಯಿಯ ಕೈಲಿ ಹೊಡೆಸಿಕೊಳ್ಳುತ್ತಾನೆ, ಹಂದಿಗೆ ಹಾಕು ಅಂದಿದ್ದನ್ನು ಅವಳ ಕಡೆ ಎಸೆಯುತ್ತಾನೆ. ಪ್ರೀತಿ ಅಂದರೆ ಏನು ಅಂತ ಹದಿಹರೆಯದವರಿಗೆ ಹೇಳಲು ನಾನು ಓದಿದ ಅಷ್ಟೂ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಪುಟ ಇಲ್ಲ. ಅದಕ್ಕೇ ಮುಂದೆ ಇಬ್ಬರು ಹುಡುಗರಲ್ಲಿ ಯಾರು ಅನ್ನುವ ಎಳೆದಾಟ ಬಂದಾಗ ನನಗೆ ಬೇಜಾರಾಯಿತು. ಮೂರನೆಯ ಭಾಗದ ಕೊನೆಯನ್ನು ಓಡೋಡಿ ಮುಗಿಸಿದ ಹಾಗಿದೆ. ಅಷ್ಟು ದೊಡ್ಡ ಸಾವನ್ನು ಅಷ್ಟು ಬೇಗ ದಾಟಬಾರದಿತ್ತು.

ಅದೇ ಸರಣಿಯಲ್ಲಿ 2025ರ ಮಾರ್ಚಿನಲ್ಲಿ ಬಂದ 'ಸನ್‌ರೈಸ್ ಆನ್ ದಿ ರೀಪಿಂಗ್' ಕೂಡ ಓದಿದೆ. ಇದರಲ್ಲಿ ಹಳೆಯ ಪುಸ್ತಕದ ಕುಡುಕ ಗುರು ಹೇಮಿಚ್ ಇನ್ನೂ 16ರ ಹುಡುಗ. ತಾಯಿ ಬೇರೆಯವರ ಬಟ್ಟೆ ಒಗೆದು ಮನೆ ನಡೆಸುತ್ತಾಳೆ. ಮೊದಲ ಅಧ್ಯಾಯಗಳು ಚೆನ್ನಾಗಿವೆ. ಆದರೆ ಹಳೆಯ ಪುಸ್ತಕಗಳ ಪಾತ್ರಗಳೆಲ್ಲ ಒಬ್ಬೊಬ್ಬರಾಗಿ ಬಂದು ಮುಖ ತೋರಿಸಿ ಹೋಗುತ್ತಾರೆ. ಮದುವೆ ಮನೆಯಲ್ಲಿ ನೆಂಟರನ್ನು ಪರಿಚಯ ಮಾಡಿಸಿದ ಹಾಗೆ. ಅಣ್ಣನ ಮಗಳಿಗೆ ಅದೇ ಇಷ್ಟವಾಯಿತು. ನಮ್ಮಿಬ್ಬರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ.

ಈಗ ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್', 2012ರದು. ಇದನ್ನು ಓದಿದ್ದೀರಾ ಅಂತ ಕೇಳಿದಾಗ ಹಿಂದಿನ ಸಾಲಿನಲ್ಲಿ ಒಂಬತ್ತು ಕೈ ಎದ್ದವು. ಅತ್ತಿದ್ದೀರಾ ಅಂದಾಗಲೂ ಅಷ್ಟೇ ಕೈ. ಕ್ಯಾನ್ಸರ್ ಇರುವ ಇಬ್ಬರು ಹರೆಯದವರು, ಹೇಝಲ್ ಮತ್ತು ಅಗಸ್ಟಸ್. ಹೇಝಲ್ ಎಲ್ಲಿ ಹೋದರೂ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡೇ ಹೋಗಬೇಕು.

ನನ್ನ ಚಿಕ್ಕಮ್ಮ ಕ್ಯಾನ್ಸರಿನಿಂದ ಹೋದಳು. ಎರಡು ವರ್ಷ ಸೊಲ್ಲಾಪುರಕ್ಕೆ ಓಡಾಡಿದೆವು. ರೈಲಿನಲ್ಲಿ ಅವಳಿಗೆ ಮಲಗಲು ಜಾಗ ಮಾಡಿಕೊಟ್ಟು ನಾವು ಬಾಗಿಲ ಹತ್ತಿರ ಕೂರುತ್ತಿದ್ದೆವು. ಮೊದಲು ಬಂಗಾರ ಹೋಯಿತು, ಆಮೇಲೆ ಎರಡು ಎಕರೆ ತೊಗರಿ ಹೊಲ ಹೋಯಿತು. ಚಿಕ್ಕಮ್ಮನಿಗೆ ನೋವಿಗಿಂತ ಜಾಸ್ತಿ ಕಾಡಿದ್ದು ಆ ಹೊಲ. ಔಷಧಿ ಕುಡಿಯುವಾಗೆಲ್ಲ 'ಇದಕ್ಕೆಷ್ಟು ಬಿತ್ತು?' ಅಂತ ಕೇಳುತ್ತಿದ್ದಳು. ಹಾಗಾಗಿ ಈ ಪುಸ್ತಕದಲ್ಲಿ ಇಬ್ಬರು ಕಾಯಿಲೆಯ ಮಕ್ಕಳು ಇಷ್ಟದ ಲೇಖಕನನ್ನು ನೋಡಲು ಆಮ್‌ಸ್ಟರ್‌ಡ್ಯಾಮಿಗೆ ಹೋಗುವುದು, ಆ ಖರ್ಚನ್ನು ಮಕ್ಕಳ ಆಸೆ ಪೂರೈಸುವ ಒಂದು ಸಂಸ್ಥೆ ಕೊಡುವುದು, ಇದನ್ನೆಲ್ಲ ಓದುವಾಗ ನನಗೆ ಅಜ್ಜಿಯ ದನಿ ಕೇಳಿಸಿತು. ಆ ಮಕ್ಕಳ ಮಾತೂ ಹಾಗೇ. ಅವರು ಮಾತಾಡುವುದಿಲ್ಲ, ಗೋಡೆಗೆ ಬರೆಯುವ ವಾಕ್ಯಗಳನ್ನು ಹೇಳುತ್ತಾರೆ. ಆನ್ ಫ್ರಾಂಕ್ ಅಡಗಿದ್ದ ಮನೆಯಲ್ಲಿ ಮೊದಲ ಮುತ್ತು, ಸುತ್ತಲಿನವರ ಚಪ್ಪಾಳೆ. ಆ ಹುಡುಗಿ 1945ರಲ್ಲಿ ನಾಝಿ ಶಿಬಿರದಲ್ಲಿ ಸತ್ತಾಗ ಅವಳಿಗೆ 15. ಆ ಮನೆಯಲ್ಲಿ ನನಗೆ ಚಪ್ಪಾಳೆ ಬೇಡವಾಗಿತ್ತು.

ಆದರೆ ಒಂದು ಕಡೆ ಈ ಪುಸ್ತಕ ನನ್ನನ್ನು ಹಿಡಿದು ನಿಲ್ಲಿಸಿತು. ಹೇಝಲ್ ಇನ್ನೂ ಚಿಕ್ಕವಳಿದ್ದಾಗ ಸಾಯುವ ಸ್ಥಿತಿಗೆ ಹೋಗಿರುತ್ತಾಳೆ. ಆಗ ಅವಳ ತಾಯಿ ಗಂಡನ ಹತ್ತಿರ ಅಳುತ್ತಾ, ಇನ್ನು ನಾನು ತಾಯಿಯಾಗಿ ಇರುವುದಿಲ್ಲ ಅಂತ ಹೇಳಿದ್ದು ಮಗಳ ಕಿವಿಗೆ ಬಿದ್ದಿರುತ್ತದೆ. ಆ ಮಾತನ್ನು ಹುಡುಗಿ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತಾಳೆ. ಕೊನೆಗೆ ಗೊತ್ತಾಗುತ್ತದೆ, ತಾಯಿ ಮಗಳಿಗೆ ಹೇಳದೆ ಓದುತ್ತಿದ್ದಾಳೆ, ಸಮಾಜಸೇವೆಯ ಕೆಲಸಕ್ಕೆ ತಯಾರಾಗುತ್ತಿದ್ದಾಳೆ. ಮಗಳು ಹೋದ ಮೇಲೂ ಅಮ್ಮನಿಗೊಂದು ಬದುಕು ಇರುತ್ತದೆ ಅಂತ ತಿಳಿದು ಹೇಝಲ್‌ಗೆ ಸಂತೋಷವಾಗುತ್ತದೆ. ಈ ನಾಲ್ಕಾರು ಪುಟಗಳಲ್ಲಿ ಒಲೆ ಉರಿಯುತ್ತದೆ. ಒಂಬತ್ತು ಕೈ ಎತ್ತಿದ ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ, ಮುಂದಿನ ಸಲ ಓದುವಾಗ ಅಗಸ್ಟಸ್‌ನನ್ನು ಬಿಟ್ಟು ಆ ತಾಯಿಯನ್ನು ಹಿಂಬಾಲಿಸಿ.

ಶರ್ಮನ್ ಅಲೆಕ್ಸಿಯ ಪುಸ್ತಕದ ಹೆಸರು ಉದ್ದ, 'ದಿ ಆಬ್ಸಲ್ಯೂಟ್ಲಿ ಟ್ರೂ ಡೈರಿ ಆಫ್ ಎ ಪಾರ್ಟ್-ಟೈಮ್ ಇಂಡಿಯನ್', 2007. ಇಂಡಿಯನ್ ಅಂದರೆ ಇಲ್ಲಿ ಅಮೆರಿಕದ ಮೂಲನಿವಾಸಿ. ಜೂನಿಯರ್ ಅನ್ನುವ 14ರ ಹುಡುಗ, ಕಾರ್ಟೂನ್ ಬರೆಯುತ್ತಾನೆ, ಪುಸ್ತಕದಲ್ಲಿ ಆ ಕಾರ್ಟೂನುಗಳೂ ಇವೆ. ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಜಾಗ.

ಹೈಸ್ಕೂಲಿನ ಮೊದಲ ದಿನ. ಮೇಷ್ಟ್ರು ರೇಖಾಗಣಿತದ ಪುಸ್ತಕ ಹಂಚುತ್ತಾರೆ. ಹುಡುಗನಿಗೆ ಖುಷಿ, ರೇಖಾಗಣಿತ ಅಂದರೆ ಅವನಿಗೆ ಜೀವ. ರಟ್ಟು ತೆರೆಯುತ್ತಾನೆ. ಒಳಗೆ ಅವನ ತಾಯಿಯ ಮದುವೆಗೆ ಮುಂಚಿನ ಹೆಸರು ಬರೆದಿದೆ. ಅವಳು ಓದಿದ ಅದೇ ಪುಸ್ತಕ, ಅವನಿಗಿಂತ 30 ವರ್ಷ ಹಳೆಯದು. ಅವನು ಸಿಟ್ಟಿನಿಂದ ಪುಸ್ತಕ ಎಸೆಯುತ್ತಾನೆ, ಅದು ಹೋಗಿ ಮೇಷ್ಟ್ರ ಮೂಗಿಗೆ ಬಡಿಯುತ್ತದೆ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ನೀರು ಕುಡಿದೆ. ಹಿಂದೆ ಯಾದಗಿರಿ ಜಿಲ್ಲೆಯ ಒಂದು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲೊಂದು ಕಬ್ಬಿಣದ ಅಲಮಾರಿ ಇತ್ತು. ಲೈಬ್ರರಿ ಅಂದರೆ ಅದೇ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೀಗ ಒಡೆಸಿದೆವು. ಒಂದು ಕಥೆ ಪುಸ್ತಕ ತೆಗೆದು ಹಿಂದಿನ ಪುಟದ ಚೀಟಿ ನೋಡಿದೆ. ಕೊನೆಯ ಸಲ ಅದನ್ನು ಯಾರೋ ಮನೆಗೆ ಒಯ್ದ ತಾರೀಖು 1998ರದು. ನನ್ನ ಮುಂದೆ ನಿಂತಿದ್ದ ಆ ಎಂಟನೆಯ ತರಗತಿಯ ಮಕ್ಕಳು ಆಗ ಹುಟ್ಟಿರಲೇ ಇಲ್ಲ. ಕಾಗದ ಬೆರಳಿಗೆ ಪುಡಿಯಾಗಿ ಅಂಟಿತು. ಜೂನಿಯರ್ ಯಾಕೆ ಎಸೆದ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಆಮೇಲೆ ಆ ಮೇಷ್ಟ್ರೇ ಮನೆಗೆ ಬಂದು ಹುಡುಗನಿಗೆ ಹೇಳುತ್ತಾರೆ, ಇಲ್ಲಿಂದ ಹೋಗು, ಇಲ್ಲಿದ್ದರೆ ನಿನಗೆ ಉಳಿಗಾಲವಿಲ್ಲ ಅಂತ. ಅವನು 22 ಮೈಲಿ ದೂರದ ಬಿಳಿಯರ ಶಾಲೆಗೆ ಸೇರುತ್ತಾನೆ. ಹೆಚ್ಚು ಕಡಿಮೆ 35 ಕಿಲೋಮೀಟರ್. ಅಪ್ಪನ ಹತ್ತಿರ ಪೆಟ್ರೋಲಿಗೆ ದುಡ್ಡಿದ್ದ ದಿನ ಕಾರು, ಇಲ್ಲದ ದಿನ ಯಾರದೋ ಗಾಡಿ ಕೈ ಅಡ್ಡ ಹಾಕಿ, ಅದೂ ಇಲ್ಲದಿದ್ದರೆ ನಡಿಗೆ. ನಮ್ಮಲ್ಲಿ ಚಿತ್ತಾಪುರ, ಆಳಂದ ಕಡೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಬರುವ ಮಕ್ಕಳು ಎಷ್ಟಿಲ್ಲ? 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಚಿಂತೆ ತಪ್ಪಿತು. ಬಸ್ಸೇ ಬಾರದ ದಿನದ ಚಿಂತೆ ಹಾಗೇ ಇದೆ.

ಇನ್ನೊಂದು ಪುಟ ಹೇಳಲೇಬೇಕು. ಅವನ ನಾಯಿ ಆಸ್ಕರ್‌ಗೆ ಕಾಯಿಲೆ. ಡಾಕ್ಟರಿಗೆ ದುಡ್ಡಿಲ್ಲ. ಅಪ್ಪ ಬಂದೂಕು ತೆಗೆದುಕೊಳ್ಳುತ್ತಾನೆ. ಗುಂಡಿಗೆ ಎರಡು ಸೆಂಟು ಮಾತ್ರ, ಅಷ್ಟು ಯಾರ ಹತ್ತಿರವಾದರೂ ಇರುತ್ತದೆ ಅನ್ನುತ್ತಾನೆ ಹುಡುಗ. ಬಡತನ ಮನುಷ್ಯನಿಗೆ ಗಟ್ಟಿತನ ಕಲಿಸುತ್ತದೆ ಅಂತ ನಾವು ಮಕ್ಕಳಿಗೆ ಭಾಷಣ ಮಾಡುತ್ತೇವಲ್ಲ, ಈ ಹುಡುಗ ಅದನ್ನು ಒಪ್ಪುವುದಿಲ್ಲ. ಬಡತನ ಕಲಿಸುವುದು ಬಡವನಾಗಿ ಇರುವುದನ್ನು ಮಾತ್ರ ಅನ್ನುತ್ತಾನೆ. ಆ ಭಾಷಣವನ್ನು ನಾನೂ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ.

ತಕರಾರು ಒಂದಿದೆ. ಕೊನೆಯ ಭಾಗದಲ್ಲಿ ಸಾವಿನ ಮೇಲೆ ಸಾವು. ಅಜ್ಜಿ, ಅಪ್ಪನ ಗೆಳೆಯ, ಅಕ್ಕ. ನಿಜದಲ್ಲಿ ಹಾಗೆ ಆಗಬಹುದು, ಆದರೆ ಪುಸ್ತಕದಲ್ಲಿ ಮೂರನೆಯ ಸಾವಿಗೆ ಅಳಲು ಓದುವವನಿಗೆ ಉಸಿರು ಉಳಿದಿರುವುದಿಲ್ಲ.

ಒಂದು ಮಾತು ಬೇಗ ಹೇಳಿ ಮುಗಿಸುತ್ತೇನೆ. ಅರಮನೆ, ರೆಕ್ಕೆಯಿರುವ ರಾಜಕುಮಾರ, ಅವನನ್ನು ಕೊಲ್ಲಲು ಬಂದು ಅವನನ್ನೇ ಪ್ರೀತಿಸುವ ಹುಡುಗಿ, ಈ ನಮೂನೆಯ ದಪ್ಪ ಪುಸ್ತಕಗಳು ಈಗ ಎಲ್ಲ ಕಡೆ ಕಾಣುತ್ತವೆ. ಎರಡನ್ನು ಹಿಡಿದೆ, ಎರಡನ್ನೂ ನೂರು ಪುಟಕ್ಕೆ ಬಿಟ್ಟೆ. ಆ ಅರಮನೆಗಳಲ್ಲಿ ದಿನಕ್ಕೆ ಮೂರು ಹೊತ್ತು ಔತಣ, ಅಡುಗೆ ಮಾಡಿದವರು ಒಬ್ಬರೂ ಕಾಣುವುದಿಲ್ಲ. ಓದುವವರು ಓದಲಿ, ಬೇಡ ಅನ್ನುವುದಿಲ್ಲ. ನನ್ನ ಹತ್ತಿರ ಅವುಗಳ ಬಗ್ಗೆ ಹೇಳಲು ಇಷ್ಟೇ ಇದೆ.

ಆಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್' 2017ರಲ್ಲಿ ಬಂತು. 16 ವರ್ಷದ ಕಪ್ಪು ಹುಡುಗಿ ಸ್ಟಾರ್, ಗೆಳೆಯ ಖಲೀಲ್ ಜೊತೆ ಕಾರಿನಲ್ಲಿ ಹೋಗುವಾಗ ಪೊಲೀಸ್ ತಡೆದು ಖಲೀಲ್‌ಗೆ ಗುಂಡು ಹೊಡೆಯುತ್ತಾನೆ. ಖಲೀಲ್ ಹತ್ತಿರ ಆಯುಧ ಇಲ್ಲ. ಕಾರಿನಲ್ಲಿದ್ದ ತಲೆಬಾಚುವ ಬ್ರಶ್ಶನ್ನು ಬಂದೂಕು ಅಂದುಕೊಂಡ ಅಂತ ಆಮೇಲೆ ಪೊಲೀಸಿನ ಕಡೆಯವರು ಹೇಳುತ್ತಾರೆ. ಹುಡುಗ ಅವಳ ಕಣ್ಣೆದುರಿಗೇ ಸಾಯುತ್ತಾನೆ. ಎಲ್ಲರೂ ಮಾತಾಡುವುದು ಈ ಗುಂಡಿನ ಬಗ್ಗೆ, ಅದು ಸರಿ ಕೂಡ. ನಾನು ಮಾತಾಡಬೇಕಾದ್ದು ಇನ್ನೊಂದು ವಿಷಯ, ಅವಳ ನಾಲಗೆ.

ಸ್ಟಾರ್ ಇರುವುದು ಕಪ್ಪು ಜನರ ಓಣಿಯಲ್ಲಿ. ಅಪ್ಪನದು ಅಲ್ಲೇ ಕಿರಾಣಿ ಅಂಗಡಿ, ಅಮ್ಮ ನರ್ಸು. ಓದುವುದು ದೂರದ, ಬಿಳಿಯರ ಮಕ್ಕಳೇ ಜಾಸ್ತಿ ಇರುವ ಶಾಲೆಯಲ್ಲಿ. ಶಾಲೆಯೊಳಗೆ ಕಾಲಿಟ್ಟ ಕೂಡಲೇ ಅವಳು ಮಾತು ಬದಲಿಸುತ್ತಾಳೆ. ಓಣಿಯ ಮಾತು ಬಾಯಿಗೆ ಬರದ ಹಾಗೆ ಎಚ್ಚರ ವಹಿಸುತ್ತಾಳೆ. ಅದೇ ಪದವನ್ನು ಬಿಳಿಯ ಗೆಳತಿ ಆಡಿದರೆ ಫ್ಯಾಶನ್, ಇವಳು ಆಡಿದರೆ ಕೇರಿಯವಳು. ದಿನಾ ಎರಡು ಹುಡುಗಿಯರಾಗಿ ಬದುಕುತ್ತಾಳೆ.

ಇದನ್ನು ಕ್ಲಾಸಿನಲ್ಲಿ ಕನ್ನಡದಲ್ಲಿ ಹೇಳುವಾಗ ನನಗೆ ಒಂದು ತೊಡಕಾಯಿತು. ಅವಳ ಎರಡು ಮಾತನ್ನು ಹೇಗೆ ತೋರಿಸುವುದು? ಯೋಚಿಸಬೇಕಾಗಿಯೇ ಬರಲಿಲ್ಲ. ಶಾಲೆಯಲ್ಲಿ ಸ್ಟಾರ್ 'ಬರುತ್ತಿದ್ದೇನೆ' ಅಂದಳು, ಮನೆಗೆ ಬಂದು 'ಬರ್ಲತ್ತೀನಿ ತಡಿ' ಅಂದಳು. ಇಡೀ ಕ್ಲಾಸು ನಕ್ಕಿತು. ಆಮೇಲೆ ಒಬ್ಬ ಹುಡುಗಿ ಎದ್ದಳು. ಅವಳ ಅಕ್ಕ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗಿದ್ದಾಳೆ. ಹಾಸ್ಟೆಲಿನಲ್ಲಿ ಅವಳು 'ಊಟ ಮಾಡ್ಲತ್ತೀನಿ' ಅಂದಿದ್ದಕ್ಕೆ ಜೊತೆಯವರು ತಿಂಗಳುಗಟ್ಟಲೆ 'ಲತ್ತೀನಿ, ಲತ್ತೀನಿ' ಅಂತ ಕರೆದರಂತೆ. ಈಗ ಊರಿಗೆ ಬಂದರೂ ಅಕ್ಕ ನಮ್ಮ ಮಾತು ಆಡುವುದಿಲ್ಲ, 'ಅವ್ವನ ಜೋಡಿನೂ ಪುಸ್ತಕದಂಗ ಮಾತಾಡ್ತಾಳ ಟೀಚರ್' ಅಂದಳು. ಅದಕ್ಕೆ ಯಾರೂ ನಗಲಿಲ್ಲ.

ಕವಿರಾಜಮಾರ್ಗದಲ್ಲೇ ಇನ್ನೊಂದು ಪದ್ಯ ಇದೆ. ಕನ್ನಡಗಳಲ್ಲಿ ಇದು ಇಷ್ಟು ತಪ್ಪು ಅಂತ ವಿಂಗಡಿಸಿ ಹೇಳಲು ಸಾವಿರ ನಾಲಗೆಯ ವಾಸುಕಿಗೂ ಆಗದು, ಅವನಿಗೂ ಬೇಸರ ಬಂದೀತು, ಯಾಕಂದರೆ ದೇಸಿ ಬೇರೆ ಬೇರೆ. 'ಕನ್ನಡಂಗಳೊಳ್' ಅಂತಾನೆ ಕವಿ, ಒಂದು ಕನ್ನಡ ಅಲ್ಲ, ಹಲವು. ಸಾವಿರದ ನೂರು ವರ್ಷದ ಕೆಳಗೆ ಈ ಮಣ್ಣಲ್ಲಿ ನಿಂತು ಇಷ್ಟು ಸ್ಪಷ್ಟವಾಗಿ ಹೇಳಿದ್ದಾರೆ. ಆ ಹಾಸ್ಟೆಲಿನ ಹುಡುಗಿಗೆ ಯಾರಾದರೂ ಈ ಪದ್ಯ ಹೇಳಿದ್ದರೆ ಅನ್ನಿಸುತ್ತದೆ.

ಪುಸ್ತಕದ ಬಗ್ಗೆ ಹೇಳುವುದಾದರೆ, 400 ಪುಟ ದಾಟಿದ ಈ ಕಾದಂಬರಿಯಲ್ಲಿ ನಡುವಿನ ನೂರು ಪುಟ ಎಳೆದಿದ್ದಾರೆ. ಬಿಳಿಯ ಬಾಯ್‌ಫ್ರೆಂಡ್ ಇರುವ ಅಧ್ಯಾಯಗಳು ಬರಲೇಬೇಕು ಅಂತ ಬಂದ ಹಾಗಿವೆ. ಆದರೆ ಖಲೀಲ್ ಯಾಕೆ ಡ್ರಗ್ಸ್ ಮಾರುತ್ತಿದ್ದ ಅನ್ನುವುದು ನಿಧಾನಕ್ಕೆ ತೆರೆದುಕೊಳ್ಳುವ ಬಗೆ ತುಂಬಾ ಚೆನ್ನಾಗಿದೆ. ಟಿವಿಯಲ್ಲಿ ಅವನು ಬರೀ ಡ್ರಗ್ಸ್ ಮಾರುವವನು. ಮನೆಯೊಳಗೆ ಹೋಗಿ ನೋಡಿದರೆ ತಾಯಿಯ ಸಾಲ ತೀರಿಸಲು ಹೊರಟ ಮಗ. ಅಜ್ಜಿಯ ಪ್ರಶ್ನೆಯನ್ನು ಈ ಲೇಖಕಿಯೂ ಕೇಳಿದ್ದಾರೆ.

ಕೊನೆಯ ಎರಡು ಪುಸ್ತಕ ಪದ್ಯದಲ್ಲಿವೆ. ಇಂಗ್ಲಿಷ್ ಅಂದರೆ ಹೆದರುವ ಮಕ್ಕಳಿಗೆ ನಾನು ಇವನ್ನೇ ಮೊದಲು ಕೊಡುತ್ತೇನೆ. ಒಂದು ಪುಟದಲ್ಲಿ ಇಪ್ಪತ್ತು ಮೂವತ್ತು ಪದ, ಸುತ್ತ ಖಾಲಿ ಜಾಗ. ಹಾಳೆ ತಿರುಗಿಸುವ ಧೈರ್ಯ ಬರುತ್ತದೆ. ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್' ನಡೆಯುವುದು ಒಂದು ಲಿಫ್ಟಿನಲ್ಲಿ, 60 ಸೆಕೆಂಡಿನಲ್ಲಿ. ಅಣ್ಣನನ್ನು ಕೊಂದವನನ್ನು ಕೊಲ್ಲಲು 15ರ ಹುಡುಗ ಸೊಂಟಕ್ಕೆ ಬಂದೂಕು ಸಿಕ್ಕಿಸಿಕೊಂಡು ಕೆಳಗಿಳಿಯುತ್ತಾನೆ. ಅಳಬಾರದು, ಯಾರ ಹೆಸರೂ ಹೇಳಬಾರದು, ಸೇಡು ತೀರಿಸಬೇಕು, ಇದು ಅವರ ಓಣಿಯ ನಿಯಮ. ಒಂದೊಂದು ಮಹಡಿಯಲ್ಲೂ ಒಬ್ಬೊಬ್ಬ ಸತ್ತವರು ಲಿಫ್ಟಿಗೆ ಹತ್ತುತ್ತಾರೆ. ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ, 'ಬರ್ತೀಯಾ?' ಅಂತ. ಮೊದಲ ಸಲ ಓದಿದಾಗ ಇದು ಬರೀ ಚಮತ್ಕಾರ ಅನ್ನಿಸಿತ್ತು. ಕ್ಲಾಸಿನ ಹುಡುಗರು ಅವನು ಲಿಫ್ಟಿಂದ ಇಳಿದನಾ ಇಲ್ಲವಾ ಅಂತ ಎರಡು ದಿನ ವಾದ ಮಾಡಿದ್ದು ನೋಡಿ ಅಭಿಪ್ರಾಯ ಬದಲಿಸಿದೆ. ಒಬ್ಬ ಮಾತ್ರ ಬೇರೆ ಕಡೆ ಹೋದ. 'ಅಳಬಾರದು ಅಂತ ನಮ್ಮಪ್ಪನೂ ಅಂತಾನ್ರಿ' ಅಂದ, ಅಷ್ಟೇ.

ಎಲಿಝಬೆತ್ ಅಸೆವೆಡೊ ಅವರ 'ದಿ ಪೊಯೆಟ್ ಎಕ್ಸ್', 2018. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇರುವ 15ರ ಹುಡುಗಿ ಝಿಯೋಮಾರಾ. ತಾಯಿ ಬೇರೆ ದೇಶದಿಂದ ಬಂದವಳು, ಆಫೀಸುಗಳ ಕಸ ಗುಡಿಸಿ ಒರೆಸುತ್ತಾಳೆ, ದೈವಭಕ್ತೆ, ಮಗಳ ಮೈ ಬೆಳೆದದ್ದೇ ಅವಳಿಗೆ ಭಯ. ಹುಡುಗಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪದ್ಯವಾಗಿ ಬರೆಯುತ್ತಾಳೆ. ಒಂದು ದಿನ ತಾಯಿಗೆ ಅದು ಸಿಗುತ್ತದೆ. ಕಡ್ಡಿ ಗೀರಿ ಬೆಂಕಿ ಹಚ್ಚುತ್ತಾಳೆ. ಹಾಳೆ ಉರಿಯುವಾಗ ಮಗಳು ಬಾಯಿಪಾಠ ಇದ್ದ ತನ್ನ ಪದ್ಯಗಳನ್ನು ಜೋರಾಗಿ ಹೇಳುತ್ತಾಳೆ, ತಾಯಿ ಅಷ್ಟೇ ಜೋರಾಗಿ ಪ್ರಾರ್ಥನೆ ಹೇಳುತ್ತಾಳೆ. ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕು ಅಂತ ನನಗೆ ಗೊತ್ತಿತ್ತು. ಆದರೂ ಆ ತಾಯಿಯ ಒಡೆದ ಕೈಗಳು ಕಣ್ಣಿಂದ ಹೋಗಲಿಲ್ಲ. ಕೊನೆಗೆ ಎಲ್ಲ ಸರಿಯಾಗುವುದು ಸ್ವಲ್ಪ ಬೇಗ ಆಯಿತು ಅನ್ನುವುದು ಬಿಟ್ಟರೆ ಈ ಪುಸ್ತಕದಲ್ಲಿ ನನಗೆ ಕೊರತೆ ಕಾಣಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಪಿಯುಸಿ ಹುಡುಗ ಒಬ್ಬ ಕೇಳಿದ, 'ಮೇಡಂ, ಇಂಥವು ಕನ್ನಡದಾಗ ಯಾವುದವ?' ಅಂತ. ಉತ್ತರ ಹೇಳುವುದು ಕಷ್ಟವಾಯಿತು. ಮಕ್ಕಳ ಪುಸ್ತಕಗಳು ನಮ್ಮಲ್ಲಿ ಇವೆ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೆ ಬಂತು. ತೇಜಸ್ವಿಯವರ 'ಕರ್ವಾಲೊ' 1980ರಿಂದ ಹರೆಯದವರ ಕೈಯಲ್ಲೇ ಇದೆ, ದೊಡ್ಡವರಿಗಾಗಿ ಬರೆದದ್ದಾದರೂ. ಹಾರುವ ಓತಿ ಹುಡುಕಿಕೊಂಡು ಮಲೆನಾಡಿನ ಕಾಡು ನುಗ್ಗುವ ಆ ಕಥೆಯನ್ನು ಕಾಡೇ ನೋಡದ ನಮ್ಮ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ನಮ್ಮ ಕಲಬುರಗಿಯವರೇ ಆದ ಗೀತಾ ನಾಗಭೂಷಣ ಅವರ 'ಬದುಕು' ಇದೆ, 2004ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದದ್ದು, ನಮ್ಮ ಮಾತಿನಲ್ಲೇ ಬರೆದದ್ದು. ಅದರ ತುಂಬಾ ಒಲೆಗಳು ಉರಿಯುತ್ತವೆ.

ಆದರೆ ಆ ಹುಡುಗ ಕೇಳಿದ್ದು ಇವನ್ನಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಅವನಿಗೆ ಬೇಕಾದ್ದು 16 ವರ್ಷದವನು 16 ವರ್ಷದವರಿಗೆ ಹೇಳಿದ ಹಾಗಿರುವ ಕಥೆ. ನೀಟ್ ಕೋಚಿಂಗ್‌ಗೆ ಬಂದು ಬಾಡಿಗೆ ರೂಮಿನಲ್ಲಿ ಒಬ್ಬನೇ ಅನ್ನ ಮಾಡಿಕೊಳ್ಳುವ ಹುಡುಗ, ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ, ಬಸ್ಸಿನಲ್ಲಿ ಕಲಬುರಗಿ ಕನ್ನಡ, ಕ್ಲಾಸಿನಲ್ಲಿ ಪುಸ್ತಕದ ಕನ್ನಡ, ಗೆಳತಿಯ ಜೊತೆ ದಖ್ಖನಿ ಉರ್ದು ಆಡುವ ಹುಡುಗಿ. ಸ್ಟಾರ್ ಎರಡು ನಾಲಗೆಗೆ ಸುಸ್ತಾದಳು, ಇವಳದು ನಾಲ್ಕು. ಇವರನ್ನು ಯಾರೂ ಬರೆದಿಲ್ಲ ಅಂತ ನಾನು ಹೇಳುವುದಿಲ್ಲ. ಅವನ ಕೈಗೆ ಕೊಡಲು ಅಂದು ನನ್ನ ಚೀಲದಲ್ಲಿ ಒಂದೂ ಇರಲಿಲ್ಲ, ಅದು ಖರೆ.

ಮಾತು ಮುಗಿಸಿ ಕೆಳಗಿಳಿದಾಗ ಆ ಬೆಂಗಳೂರು ಅಕ್ಕನ ಕಥೆ ಹೇಳಿದ್ದ ಹುಡುಗಿ ಬಂದು ನಿಂತಳು. ಸಮಾಸದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಏನೋ ಬರೆದಿದ್ದಳು, ಹನ್ನೊಂದು ಪುಟ, ನೀಲಿ ಪೆನ್ನು, ನಡುವೆ ಶಾಯಿ ಮುಗಿದು ಕೆಂಪು. ಮೊದಲ ಸಾಲು ಹೀಗಿತ್ತು: 'ಅವ್ವ ದುಡಿಲಾಕ ಪುಣೆಗಿ ಹೋಗಿ ಮೂರು ತಿಂಗಳಾತು. ತಂಗಿ ತಲಿ ಈಗ ನಾನೇ ಹೆಣೀಲತ್ತೀನಿ.' 'ಹೆಣೀಲತ್ತೀನಿ' ಅನ್ನುವ ಕಡೆ ಎರಡು ಸಲ ಹೊಡೆದುಹಾಕಿ 'ಹೆಣೆಯುತ್ತಿದ್ದೇನೆ' ಅಂತ ಮಾಡಿ, ಅದನ್ನೂ ಹೊಡೆದು ಮತ್ತೆ ಮೊದಲಿನದನ್ನೇ ಬರೆದಿದ್ದಳು.

'ಹಿಂಗ ಬರಿಬಹುದಾ ಟೀಚರ್?' ಅಂದಳು.

ಬರಿ ಅಂದೆ. ಉಳಿದ ಹತ್ತು ಪುಟ ಮನೆಗೆ ತಂದು ಓದಿದೆ. ಕೆಂಪು ಶಾಯಿಯ ಭಾಗದಲ್ಲಿ ತಂಗಿಗೆ ಜ್ವರ ಬಂದಿದೆ, ಅವ್ವನಿಗೆ ಫೋನ್ ಮಾಡಬೇಕಾ ಬೇಡವಾ ಅಂತ ಅಕ್ಕತಂಗಿ ಇಬ್ಬರೂ ಮಾತಾಡುತ್ತಿದ್ದಾರೆ, ಅಲ್ಲಿಗೆ ನಿಂತಿದೆ. ಮುಂದಿನದನ್ನು ಶಾಲೆ ಶುರುವಾದ ಮೇಲೆ ತಂದುಕೊಡುತ್ತೇನೆ ಅಂದಿದ್ದಾಳೆ.